ಹತ್ತು ನಿಮಿಷ ಸೋತ ಕೈ

ಸಾಗರದ ಓದುಗರೊಬ್ಬರು ಬರೆದಿದ್ದಾರೆ: "ಅಪ್ಪನಿಗೆ 66 ವರ್ಷ. ಊಟಕ್ಕೆ ಕೂತಿದ್ದಾಗ ಬಲಗೈ ಸೋತು ತುತ್ತು ಕೆಳಗೆ ಬಿತ್ತು. ಮಾತು ತೊದಲಿತು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಸ್ಕ್ಯಾನ್ ಮಾಡಿಸಿದರೆ ಕತ್ತಿನ ಎಡಗಡೆಯ ರಕ್ತನಾಳದಲ್ಲಿ ಶೇ. 80 ಬ್ಲಾಕ್ ಇದೆಯಂತೆ, ಆಪರೇಷನ್ ಆಗಬೇಕಂತೆ. ಆರಾಮಾಗಿ ಓಡಾಡಿಕೊಂಡಿರುವವರ ಕತ್ತು ಕೊಯ್ಯುವುದು ದುಡ್ಡಿಗಾಗಿ ಅಲ್ವಾ? ಮಾತ್ರೆ ಸಾಲದೇ? ಅಮ್ಮನಿಗೂ ಆಸ್ಪಿರಿನ್ ಶುರು ಮಾಡಲೇ?"

ನಿಮ್ಮ ಪತ್ರ ಬಂದ ಸಂಜೆಯೇ ಫೋನ್ ಮಾಡಿ, ತಡ ಮಾಡಬೇಡಿ ಎಂದಿದ್ದೆ. ಇದೇ ಅನುಮಾನ ಇನ್ನೂ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕತ್ತಿನ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಳ್ಳುತ್ತದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಚೂರು ಕಿತ್ತು ಮಿದುಳಿಗೆ ಹೋಗುತ್ತದೆ. ಎಡಗಡೆಯ ಮಿದುಳು ಬಲಗೈಯನ್ನು ಆಡಿಸುತ್ತದೆ. ಹೆಚ್ಚಿನವರಲ್ಲಿ ಮಾತೂ ಅಲ್ಲೇ. ಚೂರು ತಾನಾಗಿ ಕರಗಿದರೆ ಕೈಗೆ ಬಲ ಮರಳುತ್ತದೆ. ಕರಗದಿದ್ದರೆ ಅದೇ ಲಕ್ವಾ. ಕೆನಡಾದ ವೈದ್ಯ ಮಿಲ್ಲರ್ ಫಿಶರ್ 1951ರಲ್ಲೇ ಕತ್ತಿನ ರಕ್ತನಾಳಕ್ಕೂ ಲಕ್ವಾಕ್ಕೂ ಇರುವ ಈ ನಂಟನ್ನು ಬರೆದಿದ್ದರು. ಎಷ್ಟೋ ರೋಗಿಗಳಿಗೆ ಮೊದಲೇ ಇಂಥ ಸಣ್ಣ ಮುನ್ಸೂಚನೆ ಬಂದಿರುತ್ತದೆ ಎನ್ನುವುದನ್ನೂ ಗಮನಿಸಿದ್ದರು.

ಇನ್ನು "ದುಡ್ಡಿಗಾಗಿ ಅಲ್ವಾ" ಎಂಬ ಪ್ರಶ್ನೆ. ಈ ಆಪರೇಷನ್‌ನಿಂದ ನಿಜಕ್ಕೂ ಲಾಭ ಇದೆಯೇ ಎಂದು ಪಟ್ಟುಹಿಡಿದು ಕೇಳಿದವರು ಕೆನಡಾದ ಲಂಡನ್ ನಗರದ ನರರೋಗ ತಜ್ಞ ಹೆನ್ರಿ ಬಾರ್ನೆಟ್. ನನಗೆ ಅವರ ಮೇಲೆ ತುಂಬಾ ಗೌರವ. ಆಗ ಇನ್ನೊಂದು ಆಪರೇಷನ್ ಬಹಳ ನಡೆಯುತ್ತಿತ್ತು. ತಲೆಬುರುಡೆಗೆ ತೂತು ಮಾಡಿ, ನೆತ್ತಿಯ ಚರ್ಮದ ರಕ್ತನಾಳವನ್ನು ಮಿದುಳಿನ ರಕ್ತನಾಳಕ್ಕೆ ಜೋಡಿಸುವುದು. ಕೇಳಿದರೆ ಯಾರಿಗಾದರೂ ಸರಿ ಎನ್ನಿಸುತ್ತದೆ. ಬಾರ್ನೆಟ್ ತಂಡ 1377 ರೋಗಿಗಳನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ನೋಡಿತು. ಲಕ್ವಾ ತಡೆಯಲು ಇದರಿಂದ ಪ್ರಯೋಜನವಿಲ್ಲ ಎಂದು 1985ರಲ್ಲಿ ಪ್ರಕಟಿಸಿತು. ಶಸ್ತ್ರವೈದ್ಯರು ಸಿಟ್ಟಾದರು. ಬಾರ್ನೆಟ್ ಹಿಂದೆ ಸರಿಯಲಿಲ್ಲ.

ಆಮೇಲೆ ಅದೇ ಮನುಷ್ಯ ನಿಮ್ಮ ತಂದೆಗೆ ಹೇಳಿರುವ ಆಪರೇಷನ್ನನ್ನೇ ಪರೀಕ್ಷೆಗೆ ಹಚ್ಚಿದರು. ಕತ್ತಿನ ರಕ್ತನಾಳ ತೆರೆದು, ಕಟ್ಟಿಕೊಂಡದ್ದನ್ನು ಕೆರೆದು ತೆಗೆಯುವುದು ಇದು. ಇಂಥ ಮುನ್ಸೂಚನೆ ಅಥವಾ ಸಣ್ಣ ಲಕ್ವಾ ಆಗಿ, ಶೇ. 70ರಿಂದ 99 ಬ್ಲಾಕ್ ಇದ್ದವರನ್ನು ನೋಡಿದರು. ಬರೀ ಔಷಧಿ ತೆಗೆದುಕೊಂಡವರಲ್ಲಿ ಎರಡು ವರ್ಷದೊಳಗೆ ಶೇ. 26 ಜನರಿಗೆ, ಬ್ಲಾಕ್ ಇದ್ದ ಬದಿಯ ಮಿದುಳಿಗೇ ಪೆಟ್ಟು ಬಿದ್ದು ಲಕ್ವಾ ಆಯಿತು. ಔಷಧಿ ಜೊತೆ ಆಪರೇಷನ್ನೂ ಆದವರಲ್ಲಿ ಶೇ. 9. ವ್ಯತ್ಯಾಸ ಎಷ್ಟು ದೊಡ್ಡದಿತ್ತೆಂದರೆ, 1991ರಲ್ಲಿ ಆ ಗುಂಪಿನ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಶೇ. 50ಕ್ಕಿಂತ ಕಡಿಮೆ ಬ್ಲಾಕ್ ಇದ್ದವರಿಗೆ ಲಾಭ ಕಾಣಲಿಲ್ಲ. ಅದನ್ನೂ ಹಾಗೇ ಬರೆದರು. ಬೇಡದ ಆಪರೇಷನ್ನನ್ನು ಬೇಡ ಎಂದವರೇ ಇದನ್ನು ಬೇಕು ಎಂದಿದ್ದಾರೆ. ನನಗೆ ನಂಬಿಕೆ ಬರುವುದು ಅದಕ್ಕೇ.

ಅಪಾಯ ಇಲ್ಲವೇ? ಇದೆ. ಆಪರೇಷನ್ ಸಮಯದಲ್ಲೇ ಲಕ್ವಾ ಆಗಬಹುದು. ಹಾಗಾಗಿ ಕೈಪಳಗಿದ ಶಸ್ತ್ರವೈದ್ಯರನ್ನಷ್ಟೇ ಆ ಅಧ್ಯಯನಕ್ಕೆ ಸೇರಿಸಿದ್ದರು. ನೀವೂ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ: ಇಂಥವು ಎಷ್ಟು ಮಾಡಿದ್ದೀರಿ? ಎಷ್ಟು ಜನರಿಗೆ ತೊಂದರೆ ಆಯಿತು? ಕೈ ಸೋತ ದಿನದಿಂದ ಎರಡು ವಾರದೊಳಗೆ ಆದರೆ ಲಾಭ ಜಾಸ್ತಿ ಎನ್ನುವುದೂ ನೆನಪಿರಲಿ.

ಮಾತ್ರೆಯನ್ನು ಕೈಬಿಡುವ ಹಾಗಿಲ್ಲ. ಲಕ್ವಾದ ಮುನ್ಸೂಚನೆ ಬಂದವರಿಗೆ ಆಸ್ಪಿರಿನ್ ನೆರವಾಗುತ್ತದೆ ಎಂದು 1978ರಲ್ಲಿ ತೋರಿಸಿದ್ದೂ ಬಾರ್ನೆಟ್ ತಂಡವೇ. ಬಿಪಿ, ಕೊಲೆಸ್ಟ್ರಾಲ್ ಹತೋಟಿ, ಬೀಡಿ ಬಿಡುವುದು ಎಲ್ಲ ಆಪರೇಷನ್ ಆದಮೇಲೂ ಬೇಕು. ಆದರೆ ಏನೂ ತೊಂದರೆಯಿಲ್ಲದ ಅಮ್ಮನಿಗೆ ಸುಮ್ನೆ ಆಸ್ಪಿರಿನ್ ಕೊಡಬೇಡಿ. ಹೊಟ್ಟೆಯಲ್ಲೋ ತಲೆಯಲ್ಲೋ ರಕ್ತಸ್ರಾವ ಆದೀತು. ಅವರ ಬಿಪಿ ನೋಡಿಸಿ ಎಷ್ಟು ದಿನವಾಯಿತು?