ಹಳೆ ಓಮ್ನಿ ಗಿರಿ ಹತ್ತುವಾಗ ಹೀಟ್ ಆಗುತ್ತೆ, ನೀರೂ ಕಡಿಮೆಯಾಗುತ್ತೆ. ಹೆಡ್ ಬಿಚ್ಚಿಸಲೇಬೇಕಾ?

ನೀವು ಬರೆದಿರುವುದು ಇಷ್ಟು: 2008ರ ಓಮ್ನಿ, ಪೆಟ್ರೋಲ್ ಜೊತೆಗೆ ಎಲ್‌ಪಿಜಿ ಕಿಟ್. ಚಿಕ್ಕಮಗಳೂರಿನಿಂದ ಕೈಮರ ದಾಟಿ ಅತ್ತಿಗುಂಡಿ ಕಡೆ ಹೋಂಸ್ಟೇಗೆ ಸಾಮಾನು ಹೊತ್ತು ಹತ್ತುವಾಗ ಹೀಟ್ ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತೆ, ಹಾಸನದ ರಸ್ತೆಯಲ್ಲಿ ಓಡಿಸಿದರೆ ಏನೂ ಆಗಲ್ಲ. ರೇಡಿಯೇಟರಿಗೆ ವಾರಕ್ಕೆ ಅರ್ಧ ಲೀಟರ್ ನೀರು ಹಾಕಬೇಕು, ಆದರೆ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಇಲ್ಲ. ಒಬ್ಬ ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ಇಡುವ ಹಾಳೆ) ಹೋಗಿದೆ ಅಂದರು, ಇನ್ನೊಬ್ಬರು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಕಿತ್ತು ಬಿಸಾಕಿ ಅಂದರು.

ಎರಡನ್ನೂ ಈಗ ಮಾಡಿಸಬೇಡಿ. ಹಾಸನದ ಬಿ.ಎಂ. ರಸ್ತೆ ಪಕ್ಕದ ಶೆಡ್ಡಿನಲ್ಲಿ ಬಹಳ ವರ್ಷ ಈ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಬಿಚ್ಚಿ ಕಟ್ಟಿದವನು ನಾನು. ಈಗಲೂ ಮನೆಯಲ್ಲಿ ಒಂದು ಓಮ್ನಿ ಇದೆ. ನಿಮ್ಮ ಗಾಡಿಯನ್ನು ನೋಡದೆ ಕಾಯಿಲೆ ಹೇಳಲಾರೆ, ಆದರೆ ಯಾವುದನ್ನು ಮೊದಲು ನೋಡಬೇಕು ಅಂತ ಹೇಳಬಲ್ಲೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ್ದು: ನೀರು ಕಡಿಮೆಯಾಗಿ ಹೀಟ್ ಆಗುತ್ತಿದೆಯೋ, ಹೀಟ್ ಆಗಿ ನೀರು ಹೊರಗೆ ಹೋಗುತ್ತಿದೆಯೋ? ಎರಡಕ್ಕೂ ಮದ್ದು ಬೇರೆ ಬೇರೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಬಾಯಿವರೆಗೆ ತುಂಬಿಸಿ, ರೇಡಿಯೇಟರಿಗೆ ಸಣ್ಣ ಪೈಪಿನಿಂದ ಜೋಡಿಸಿರುವ ನೀರಿನ ಬಾಟಲಿಯಲ್ಲಿ ಮಟ್ಟಕ್ಕೆ ಒಂದು ಟೇಪ್ ಅಂಟಿಸಿ. ಒಂದು ವಾರ ಗಿರಿ ಕಡೆ ಹೋಗದೆ ಊರೊಳಗೆ ಮಾತ್ರ ಓಡಿಸಿ, ದಿನಾ ಬೆಳಿಗ್ಗೆ ಕ್ಯಾಪ್ ತೆಗೆದು ನೋಡಿ. ಸಮತಟ್ಟಿನಲ್ಲೂ ಮಟ್ಟ ಇಳಿದರೆ ಸೋರಿಕೆಯೇ ಮೂಲ. ಇಳಿಯದೆ, ಹತ್ತುವಾಗ ಮಾತ್ರ ಮುಳ್ಳು ಏರಿ ಆಮೇಲೆ ನೀರು ಹೋದರೆ ಗಾಳಿ, ಫ್ಯಾನ್, ರೇಡಿಯೇಟರ್ ಕಡೆ ಹುಡುಕಬೇಕು. ಬಾಟಲಿಯನ್ನಷ್ಟೇ ನೋಡಿ ನಂಬಬೇಡಿ. ಬಾಟಲಿಗೆ ಹೋಗುವ ಸಣ್ಣ ಪೈಪ್ ಸೀಳಿದ್ದರೆ ಬಿಸಿಯಾದಾಗ ನೀರು ಬಾಟಲಿಗೆ ಹೋಗುತ್ತೆ, ತಣ್ಣಗಾದಾಗ ಮಾತ್ರ ಎಂಜಿನ್ ನೀರಿನ ಬದಲು ಗಾಳಿ ಎಳೆದುಕೊಳ್ಳುತ್ತೆ. ಬಾಟಲಿ ತುಂಬಿರುತ್ತೆ, ರೇಡಿಯೇಟರ್ ಖಾಲಿ.

ಎರಡನೆಯದು ಕ್ಯಾಪ್. ಇದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ, ಆದರೆ ನಿಮ್ಮ ದಾರಿಗೆ ಇದೇ ದೊಡ್ಡ ವಿಷಯ. ಸಮುದ್ರಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಸಾವಿರ ಮೀಟರ್ ದಾಟಿದ ಚಿಕ್ಕಮಗಳೂರಿನಲ್ಲಿ 96ರ ಸುಮಾರಿಗೇ ಕುದಿಯುತ್ತೆ, 1,900 ಮೀಟರ್ ದಾಟುವ ಮುಳ್ಳಯ್ಯನಗಿರಿಯ ಎತ್ತರಕ್ಕೆ 94ರ ಆಸುಪಾಸು. ಥರ್ಮೋಸ್ಟಾಟ್ ತೆರೆಯಲು ಶುರುವಾಗುವುದೇ 82ರ ಹತ್ತಿರ. ಅಂದರೆ ಒತ್ತಡ ಹಿಡಿಯದ ಕ್ಯಾಪ್ ಹಾಕಿಕೊಂಡು ಗಿರಿ ಹತ್ತಿದರೆ ನಿಮಗೆ ಉಳಿಯುವ ಅಂತರ ಹತ್ತು ಹನ್ನೆರಡು ಡಿಗ್ರಿ ಅಷ್ಟೇ. 0.9 ಅಂತ ಒತ್ತಡದ ಅಂಕಿ ಬರೆದಿರುವ ಕ್ಯಾಪ್ ಸರಿಯಾಗಿ ಹಿಡಿದರೆ ಅದೇ ಎತ್ತರದಲ್ಲಿ ಬರೀ ನೀರು ಕೂಡ 115ರ ಹತ್ತಿರ ಬರುವವರೆಗೆ ಕುದಿಯಲ್ಲ. ಕ್ಯಾಪಿನ ರಬ್ಬರ್ ಗಟ್ಟಿಯಾಗಿದ್ದರೆ, ಸೀಳಿದ್ದರೆ, ಕೆಳಗಿನ ಪುಟ್ಟ ವಾಲ್ವ್ ತುಕ್ಕು ಹಿಡಿದಿದ್ದರೆ ಹೊಸದು ಹಾಕಿ. ಅದೇ ಒತ್ತಡದ್ದು ಬೇಕು, ಹೆಚ್ಚಿನದು ಹಾಕಿದರೆ ಹಳೆ ಹೋಸ್ ಒಡೆಯುತ್ತೆ.

ಆಮೇಲೆ ಪ್ರೆಷರ್ ಟೆಸ್ಟ್. ಕ್ಯಾಪ್ ಜಾಗಕ್ಕೆ ಗೇಜ್ ಇರುವ ಕೈಪಂಪ್ ಹಾಕಿ ಕ್ಯಾಪಿನ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಹತ್ತು ನಿಮಿಷ ಬಿಡುತ್ತಾರೆ. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಈ ಪಂಪ್ ಇಲ್ಲದ ಶೆಡ್ಡಿನಲ್ಲಿ ಹೆಡ್ ಬಿಚ್ಚಿಸುವ ಮಾತಿಗೆ ಒಪ್ಪಲೇಬೇಡಿ, ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ನೆಲಕ್ಕೆ ಹನಿ ಬೀಳಲಿಲ್ಲ ಅಂದರೆ ಸೋರಿಲ್ಲ ಅಂತಲ್ಲ. ಬಿಸಿ ಲೋಹದ ಮೇಲೆ ಬಿದ್ದ ನೀರು ಅಲ್ಲೇ ಆವಿಯಾಗುತ್ತೆ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ ಇರುವುದರಿಂದ ಕಣ್ಣಿಗೂ ಬೀಳಲ್ಲ. ಸೀಟು ಎತ್ತಿ ಟಾರ್ಚ್ ಹಿಡಿದು ಒಣಗಿದ ಬಿಳಿ, ಹಸಿರು ಅಥವಾ ತುಕ್ಕಿನ ಗೆರೆ ಹುಡುಕಿ: ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ, ಹೋಸಿನ ಕ್ಲಿಪ್ ಹತ್ತಿರ, ರೇಡಿಯೇಟರಿನ ಟ್ಯಾಂಕ್ ಜೋಡಣೆಯಲ್ಲಿ, ಬ್ಲಾಕಿನ ಪಕ್ಕದ ಬಟ್ಟಲಿನಂಥ ತಗಡಿನ ಪ್ಲಗ್ ಅಂಚಿನಲ್ಲಿ. ಪಂಪಿನ ತೂತಿನಿಂದ ಗೆರೆ ಇಳಿದಿದ್ದರೆ ಒಳಗಿನ ಸೀಲ್ ಹೋಗಿದೆ, ಪಂಪ್ ಬದಲಿಸಬೇಕು. ತೂತು ಮುಚ್ಚುವವರೂ ಇದ್ದಾರೆ, ಆ ನೀರು ಬೇರಿಂಗಿಗೆ ಹೋಗಿ ಪಂಪೇ ಜಾಮ್ ಆಗುತ್ತೆ.

ಈಗ ನಿಮ್ಮ ಗ್ಯಾಸ್ ಕಿಟ್‌ಗೆ ಬರೋಣ. ಇಬ್ಬರು ಮೆಕ್ಯಾನಿಕ್‌ಗಳೂ ಇದನ್ನು ಕೇಳಿದಂತೆ ಕಾಣಲಿಲ್ಲ. ಎಲ್‌ಪಿಜಿ ದ್ರವವಾಗಿ ಬಂದು ವೇಪರೈಸರಿನಲ್ಲಿ ಅನಿಲವಾಗುತ್ತೆ, ಆಗ ಅದು ಶಾಖ ಹೀರುತ್ತೆ. ಆ ಶಾಖ ಕೊಡುವುದು ನಿಮ್ಮ ರೇಡಿಯೇಟರ್ ನೀರೇ. ಎಂಜಿನ್‌ನಿಂದ ಎರಡು ಸಣ್ಣ ಹೋಸ್ ವೇಪರೈಸರಿಗೆ ಹೋಗಿರುತ್ತೆ, ಅವುಗಳ ತುದಿಗಳಲ್ಲಿ ಕ್ಲಿಪ್‌ಗಳು, ಕೆಲವು ಕಡೆ ಟಿ ಜೋಡಣೆ. ಕಿಟ್ ಹಾಕಿದವರು ಹೋಸನ್ನು ಎಲ್ಲೋ ತಗಡಿಗೆ ತಾಗಿಸಿ ಬಿಟ್ಟಿದ್ದರೆ ಅಲ್ಲೇ ಸವೆದು ತೂತಾಗುತ್ತೆ. ಅದಕ್ಕಿಂತ ಕಷ್ಟದ್ದು, ವೇಪರೈಸರಿನ ಒಳಗಿನ ಸೀಲ್ ಹೋದಾಗ. ಆಗ ನೀರು ಗ್ಯಾಸ್ ಕಡೆಗೆ ಹೋಗಿ ಎಂಜಿನ್‌ನಲ್ಲಿ ಸುಟ್ಟು ಹೋಗಬಹುದು, ಹೊರಗೆ ಒಂದು ಗುರುತೂ ಇರಲ್ಲ. ಇಲ್ಲವೇ ಗ್ಯಾಸ್ ನೀರಿಗೆ ನುಗ್ಗಿ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತೆ, ಹೋಸ್ ಬಿಗಿಯಾಗುತ್ತೆ. ನೋಡಿದವರೆಲ್ಲ ಹೆಡ್ ಗ್ಯಾಸ್ಕೆಟ್ ಅಂತಲೇ ಹೇಳುವ ಲಕ್ಷಣ ಅದು.

ಎರಡರಲ್ಲಿ ಯಾವುದು ಅಂತ ಕಂಡುಹಿಡಿಯುವುದು ಸುಲಭ. ಎಂಜಿನ್ ತಣ್ಣಗಿರುವಾಗ ಗ್ಯಾಸ್ ವಾಲ್ವ್ ಮುಚ್ಚಿ, ವೇಪರೈಸರಿನ ಎರಡೂ ನೀರಿನ ಹೋಸ್ ಬಿಚ್ಚಿ, ಒಂದಕ್ಕೊಂದು ಸಣ್ಣ ಲೋಹದ ಪೈಪಿನಿಂದ ಜೋಡಿಸಿ, ಕಡಿಮೆಯಾದ ನೀರು ತುಂಬಿಸಿ, ಒಂದು ವಾರ ಪೆಟ್ರೋಲಿನಲ್ಲೇ ಓಡಿಸಿ. ಆ ಸಮಯದಲ್ಲಿ ಗ್ಯಾಸ್‌ಗೆ ಬದಲಾಯಿಸಬೇಡಿ, ನೀರಿನ ಶಾಖ ಇಲ್ಲದೆ ವೇಪರೈಸರ್ ಮಂಜುಗಟ್ಟುತ್ತೆ. ನೀರು ನಿಂತಿತು ಅಂದರೆ ಕಳ್ಳ ಸಿಕ್ಕ. ರಿಪೇರಿ ಕಿಟ್ ಹಾಕುವ ಕೆಲಸವನ್ನು ಗ್ಯಾಸ್ ಕಿಟ್ ಗೊತ್ತಿರುವವರಿಗೇ ಕೊಡಿ. ಮಾಮೂಲಾಗಿ ಗ್ಯಾಸ್‌ನಲ್ಲಿ ಓಡುವಾಗಲೂ ವೇಪರೈಸರ್ ಮೇಲೆ ಮಂಜು ಕಟ್ಟಿದರೆ, ಅದಕ್ಕೆ ಬಿಸಿನೀರು ತಲುಪುತ್ತಿಲ್ಲ ಅಂತ ಅರ್ಥ.

ಹಾಗಂತ ಹೆಡ್ ಗ್ಯಾಸ್ಕೆಟ್ ಹೋಗಿರುವುದೇ ಇಲ್ಲ ಅನ್ನುತ್ತಿಲ್ಲ. ಪೆಟ್ರೋಲಿನಲ್ಲಿ, ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಾದರೆ, ಗುಳ್ಳೆ ನಿಲ್ಲದೆ ಬಂದರೆ, ಮೂರು ಸ್ಪಾರ್ಕ್ ಪ್ಲಗ್‌ಗಳಲ್ಲಿ ಒಂದು ಮಾತ್ರ ತೊಳೆದಂತೆ ಬೆಳ್ಳಗಿದ್ದರೆ ಅನುಮಾನ ಗಟ್ಟಿ. ನೀಲಿ ದ್ರವದ ಟೆಸ್ಟ್ ಇದೆ, ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರ ಮೂಲಕ ಎಳೆದಾಗ ಸುಟ್ಟ ಅನಿಲ ಇದ್ದರೆ ಹಳದಿಯಾಗುತ್ತೆ. ಸುಡದ ಎಲ್‌ಪಿಜಿಗೆ ಅದು ಬಣ್ಣ ಬದಲಿಸಲ್ಲ, ಆದ್ದರಿಂದ ನಿಮ್ಮ ಗಾಡಿಗೆ ಇದು ಒಳ್ಳೆಯ ಟೆಸ್ಟ್. ಆಯಿಲ್ ಕ್ಯಾಪಿನ ಕೆಳಗೆ ಮಜ್ಜಿಗೆಯಂಥ ನೊರೆ ಕಂಡ ಕೂಡಲೇ ಗಾಬರಿ ಬೇಡ. ಮಳೆಗಾಲದಲ್ಲಿ ಹತ್ತಿರ ಹತ್ತಿರ ಓಡಿಸುವ ಗಾಡಿಯಲ್ಲಿ ಒಳಗೆ ಕಟ್ಟುವ ತೇವದಿಂದಲೂ ಅದು ಬರುತ್ತೆ. ಡಿಪ್‌ಸ್ಟಿಕ್ಕಿನಲ್ಲೂ (ಆಯಿಲ್ ಮಟ್ಟ ನೋಡುವ ಕಡ್ಡಿ) ಅದೇ ಬಣ್ಣವಿದ್ದರೆ ಓಡಿಸುವುದು ನಿಲ್ಲಿಸಿ. ಹೆಡ್ ಬಿಚ್ಚಿದರೆ ಸ್ಕೇಲ್ ಇಟ್ಟು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ತಗಡು) ಸೊಟ್ಟ ನೋಡಲು ಹೇಳಿ, 0.05 ಮಿಲಿಮೀಟರ್ ದಾಟಿದ್ದರೆ ಲೇತ್‌ನಲ್ಲಿ ಫೇಸಿಂಗ್ ಮಾಡಿಸಿ ಸಮತಟ್ಟು ಮಾಡದೆ ಹೊಸ ಗ್ಯಾಸ್ಕೆಟ್ ಹಾಕುವುದು ದುಡ್ಡು ದಂಡ.

ಥರ್ಮೋಸ್ಟಾಟ್ ವಿಷಯಕ್ಕೆ ಹೆಚ್ಚು ಮಾತು ಬೇಡ. ಪಾತ್ರೆ ನೀರಿನಲ್ಲಿ ಮುಳುಗಿಸಿ ಕಾಯಿಸಿ, ಕುದಿಯುವ ಮುಂಚೆಯೇ ಬಾಯಿ ಬಿಡಬೇಕು. ಬಿಡದಿದ್ದರೆ ಹೊಸದು ಹಾಕಿ, ತೆಗೆದು ಬಿಸಾಡಬೇಡಿ. ಇಲ್ಲದಿದ್ದರೆ ಚಳಿಯ ಬೆಳಿಗ್ಗೆ ಎಂಜಿನ್ ಬಿಸಿಯೇ ಏರದೆ ಪೆಟ್ರೋಲ್ ಕುಡಿಯುತ್ತೆ.

ಹಾಸನ ರಸ್ತೆಯಲ್ಲಿ ಸರಿ, ಒಂದನೇ ಗೇರಿನ ಏರಿನಲ್ಲಿ ಮಾತ್ರ ಹೀಟ್ ಅನ್ನುವುದು ಫ್ಯಾನ್ ಕಡೆಗೂ ಬೆರಳು ತೋರಿಸುತ್ತೆ. ನಿಲ್ಲಿಸಿ ಎಂಜಿನ್ ಓಡಲು ಬಿಡಿ, ಮುಳ್ಳು ಅರ್ಧ ದಾಟಿದ ಮೇಲೂ ಫ್ಯಾನ್ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ಬಿಸಿಯಾದಾಗ ಫ್ಯಾನ್ ಹಾಕುವ ಥರ್ಮೋ ಸ್ವಿಚ್, ಆಮೇಲೆ ಮೋಟಾರ್. ತೋಟದ ರಸ್ತೆಯ ಕೆಂಪು ಕೆಸರು ರೇಡಿಯೇಟರ್ ಫಿನ್‌ನಲ್ಲಿ ಒಣಗಿದ್ದರೆ ಗಾಳಿ ಹಾಯಲ್ಲ, ಮೆಲ್ಲಗೆ ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ. ಜೋರು ವಾಷರ್ ಹಿಡಿದರೆ ಫಿನ್ ಮಡಚಿಕೊಳ್ಳುತ್ತೆ.

ದಾರಿಯಲ್ಲಿ ಕೆಂಪಿಗೆ ಹೋದರೆ ನಿಲ್ಲಿಸಿ, ಕನಿಷ್ಠ ಅರ್ಧ ಗಂಟೆ ಕ್ಯಾಪ್ ಮುಟ್ಟಬೇಡಿ. ತಣ್ಣೀರು ಒಮ್ಮೆಗೇ ಸುರಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಾಗಬಹುದು. ಅರಿಶಿನ ಪುಡಿ ಹಾಕಿ ಸೋರಿಕೆ ನಿಲ್ಲಿಸುವ ಉಪಾಯ ಘಾಟಿಯಲ್ಲಿ ಮನೆ ಸೇರಲು ಸರಿ, ಮನೆ ಸೇರಿದ ಮೇಲೆ ಫ್ಲಶ್ ಮಾಡಿಸದಿದ್ದರೆ ಅದೇ ರೇಡಿಯೇಟರ್ ಕಟ್ಟುತ್ತೆ.

ಕೆಲಸ ಮುಗಿದ ಮೇಲೆ ಬೋರ್‌ವೆಲ್ ನೀರು ತುಂಬಿಸಬೇಡಿ, ಗಡಸು ನೀರು ಒಳಗೆ ಪದರ ಕಟ್ಟುತ್ತೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಅರ್ಧಕ್ಕರ್ಧ ಬೆರೆಸಿ. ತುಂಬುವಾಗ ಗಾಡಿಯ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ, ಕ್ಯಾಪ್ ತೆರೆದೇ ಫ್ಯಾನ್ ಬರುವವರೆಗೆ ಓಡಿಸಿ, ಮೈಮೇಲೆ ಸಿಡಿಯದಂತೆ ದೂರ ನಿಂತು ನೋಡಿ, ಗುಳ್ಳೆ ನಿಂತ ಮೇಲೆ ಮುಚ್ಚಿ. ಗಿರಿ ಕಡೆ ಹೊರಡುವ ಮುಂಚೆ ಬೇಲೂರಿಗೆ ಹೋಗಿ ಬನ್ನಿ, ಮಾರನೇ ದಿನ ಬೆಳಿಗ್ಗೆ ಮಟ್ಟ ನೋಡಿ. ಒಳಗಿನ ಗಾಳಿ ಹೊರಬಂದು ಸ್ವಲ್ಪ ಇಳಿದಿರುತ್ತೆ, ಒಂದು ಸಲ ಅಷ್ಟು ತುಂಬಿಸಿ. ಎರಡನೇ ಸಲವೂ ಇಳಿದರೆ ಪ್ರೆಷರ್ ಟೆಸ್ಟ್ ಮತ್ತೆ ಮಾಡಿಸಿ, ಈ ಸಲ ಎಂಜಿನ್ ಬಿಸಿಯಾಗಿ ಓಡಿ ನಿಂತು, ಕ್ಯಾಪ್ ತೆಗೆಯಬಹುದಾದಷ್ಟು ಮಾತ್ರ ಆರಿದ ಹೊತ್ತಿನಲ್ಲಿ. ಕೆಲವು ಸೋರಿಕೆ ಲೋಹ ಹಿಗ್ಗಿದಾಗಷ್ಟೇ ಬಾಯಿ ಬಿಡುತ್ತವೆ.