ಹಳೆಯ ಕಟ್ಟಡದ ಬಾಡಿಗೆ ಕೋಣೆ: ಹಣ ಕಳುಹಿಸುವ ಮುನ್ನ

ಪ್ರಶ್ನೆ: ಮಾನ್ಯರೇ, ನಮ್ಮ ಮಗಳಿಗೆ ನ್ಯೂಯಾರ್ಕ್ ನಗರದಲ್ಲಿ ಉದ್ಯೋಗ ದೊರೆತಿದ್ದು, ಮುಂದಿನ ತಿಂಗಳು ಹೊರಡಲಿದ್ದಾಳೆ. ಅಲ್ಲಿನ ಬ್ರೂಕ್ಲಿನ್ ಹೈಟ್ಸ್ ಎಂಬ ಹಳೆಯ ಬಡಾವಣೆಯಲ್ಲಿ ‘ಪ್ರಿ-ವಾರ್ ಸ್ಟುಡಿಯೋ’ ಒಂದನ್ನು ಅಂತರ್ಜಾಲದಲ್ಲಿ ನೋಡಿ ಮೆಚ್ಚಿಕೊಂಡಿದ್ದಾಳೆ. ಮೂರು ತಿಂಗಳ ಬಾಡಿಗೆಯನ್ನು ಈಗಲೇ ಅಡ್ವಾನ್ಸ್ ಕಳುಹಿಸಿದರೆ ಮಾತ್ರ ಮನೆ ಸಿಗುತ್ತದೆ ಎಂದು ಜಾಹೀರಾತು ಕೊಟ್ಟವರು ಹೇಳುತ್ತಿದ್ದಾರೆ. ಅಜ್ಜನ ಕಾಲದ ಹಂಚಿನ ಮನೆಯನ್ನು ಪ್ರತಿ ಮಳೆಗಾಲದಲ್ಲೂ ಸಂಭಾಳಿಸುವ ಕಷ್ಟ ನನಗೆ ಗೊತ್ತು. ಅಷ್ಟು ಹಳೆಯ ಕಟ್ಟಡದಲ್ಲಿ ಮಗಳು ಒಬ್ಬಳೇ ಇರುವುದು ಸರಿಯೇ?
– ಓರ್ವ ತಂದೆ, ನೀರ್ಚಾಲು

ಉತ್ತರ: ದಯವಿಟ್ಟು ಆ ಹಣವನ್ನು ಕಳುಹಿಸಬೇಡಿ. ನ್ಯೂಯಾರ್ಕ್ ರಾಜ್ಯದಲ್ಲಿ 2019ರಲ್ಲಿ ಬಂದ ಬಾಡಿಗೆದಾರರ ರಕ್ಷಣಾ ಕಾನೂನಿನ ಪ್ರಕಾರ ಮನೆ ಮಾಲೀಕರು ಒಂದು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೇಳುವಂತಿಲ್ಲ. ಮನೆ ಬಿಟ್ಟ 14 ದಿನಗಳೊಳಗೆ, ಕಡಿತವೇನಾದರೂ ಇದ್ದರೆ ಅದರ ವಿವರದೊಂದಿಗೆ, ಅದನ್ನು ಹಿಂತಿರುಗಿಸಬೇಕು. ಅರ್ಜಿದಾರರ ಹಿನ್ನೆಲೆ ಪರಿಶೀಲನೆಗೆ 20 ಡಾಲರಿಗಿಂತ ಹೆಚ್ಚು ಪಡೆಯುವಂತಿಲ್ಲ. ಮಾಲೀಕರೇ ಗೊತ್ತುಮಾಡಿದ ದಲ್ಲಾಳಿಯ ಶುಲ್ಕವನ್ನು 2025ರ ಜೂನ್‌ನಿಂದ ಮಾಲೀಕರೇ ಭರಿಸಬೇಕು. ಬೆಂಗಳೂರಿನಲ್ಲಿ ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟು ಅಭ್ಯಾಸವಾದ ನಮಗೆ ಇಂತಹ ಬೇಡಿಕೆ ಸಹಜವೆಂದೇ ತೋರುತ್ತದೆ. ಆದರೆ ಮನೆಯೊಳಗೆ ಕಾಲಿಡುವ ಮೊದಲೇ ಇಷ್ಟು ಮೊತ್ತ ಕೇಳುವವರು ಒಂದೋ ಅಲ್ಲಿನ ಕಾನೂನನ್ನು ಮೀರುತ್ತಿದ್ದಾರೆ, ಇಲ್ಲವೇ ಬೇರೆಯವರ ಮನೆಯ ಚಿತ್ರ ಹಾಕಿ ಮೋಸ ಮಾಡುತ್ತಿದ್ದಾರೆ.

ಕಟ್ಟಡ ಹಳೆಯದೆಂಬ ಕಾರಣಕ್ಕೆ ಮಾತ್ರ ನೀವು ಹೆದರಬೇಕಾಗಿಲ್ಲ. ಎರಡನೆಯ ಮಹಾಯುದ್ಧಕ್ಕೆ ಮೊದಲು ಕಟ್ಟಿದ ಮನೆಗಳಿಗೆ ಅಲ್ಲಿ ‘ಪ್ರಿ-ವಾರ್’ ಎಂಬ ಹೆಸರು. ದಪ್ಪ ಗೋಡೆ, ಎತ್ತರದ ಮಾಡು ಇರುವುದರಿಂದ ಅವನ್ನು ಬಯಸಿ ಹುಡುಕುವವರು ಬಹಳ ಮಂದಿ. ಬ್ರೂಕ್ಲಿನ್ ಹೈಟ್ಸ್ 1965ರಲ್ಲಿ ಆ ನಗರದ ಮೊತ್ತಮೊದಲ ಸಂರಕ್ಷಿತ ಐತಿಹಾಸಿಕ ಬಡಾವಣೆಯೆಂದು ಘೋಷಿತವಾಯಿತು. ಅಲ್ಲಿನ ಕಟ್ಟಡಗಳ ಹೊರರೂಪವನ್ನು ನಗರದ ಸಂರಕ್ಷಣಾ ಆಯೋಗದ ಅನುಮತಿಯಿಲ್ಲದೆ ಬದಲಾಯಿಸುವಂತಿಲ್ಲ. ಸ್ಟುಡಿಯೋ ಎಂದರೆ ಮಲಗುವುದು, ಕೂರುವುದು, ಸಾಮಾನ್ಯವಾಗಿ ಅಡುಗೆಯೂ ಒಂದೇ ಕೋಣೆಯಲ್ಲಿ. ಬಚ್ಚಲು ಮಾತ್ರ ಪ್ರತ್ಯೇಕ. ಲಿಫ್ಟ್ ಇಲ್ಲದ ಕಟ್ಟಡಗಳೂ ಬೇಕಷ್ಟಿವೆ.

ಹಳೆಯ ಕಟ್ಟಡದಿಂದ ಬಾಡಿಗೆದಾರರಿಗೆ ಸಿಗಬಹುದಾದ ದೊಡ್ಡ ಲಾಭವನ್ನು ಜಾಹೀರಾತುಗಳು ಸಾಮಾನ್ಯವಾಗಿ ಹೇಳುವುದಿಲ್ಲ. 1974ಕ್ಕೆ ಮೊದಲು ಕಟ್ಟಿದ, ಆರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳ ಬಹಳಷ್ಟು ಮನೆಗಳು ಬಾಡಿಗೆ ನಿಯಂತ್ರಣಕ್ಕೆ ಒಳಪಟ್ಟಿವೆ. ಅಂತಹ ಮನೆಯಲ್ಲಿ ಬಾಡಿಗೆ ಎಷ್ಟು ಏರಬಹುದೆಂಬುದನ್ನು ಮಾಲೀಕರಲ್ಲ, ನಗರದ ಮಂಡಳಿಯೊಂದು ವರ್ಷವರ್ಷವೂ ನಿಗದಿಪಡಿಸುತ್ತದೆ. ಒಪ್ಪಂದವನ್ನು ಒಂದು ವರ್ಷಕ್ಕೋ ಎರಡು ವರ್ಷಕ್ಕೋ ನವೀಕರಿಸಿಕೊಳ್ಳುವ ಹಕ್ಕು ಬಾಡಿಗೆದಾರರಿಗಿರುತ್ತದೆ. ಹನ್ನೊಂದು ತಿಂಗಳ ಕರಾರು ಮುಗಿಯುತ್ತಿದ್ದಂತೆ ಮನೆ ಬಿಡುವ ಆತಂಕವನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಮೂರು ನಾಲ್ಕು ಮನೆಗಳಷ್ಟೇ ಇರುವ ಸಣ್ಣ ಕಟ್ಟಡಗಳಿಗೆ ಸಾಮಾನ್ಯವಾಗಿ ಈ ನಿಯಂತ್ರಣವಿಲ್ಲ. ದೊಡ್ಡ ಕಟ್ಟಡಗಳಲ್ಲೂ ಹಿಂದೆಯೇ ಅದರಿಂದ ಹೊರಬಿದ್ದ ಮನೆಗಳಿವೆ. ಆದುದರಿಂದ ನಿಮ್ಮ ಮಗಳು ಇದನ್ನು ನೇರವಾಗಿ ಕೇಳಿ, ಉತ್ತರವನ್ನು ಒಪ್ಪಂದದಲ್ಲಿ ಬರೆಯಿಸಿಕೊಳ್ಳಬೇಕು. ವಾಸಕ್ಕೆ ಹೋದ ಬಳಿಕ ಆ ಮನೆಯ ಹಿಂದಿನ ಬಾಡಿಗೆಗಳ ದಾಖಲೆಯನ್ನು ರಾಜ್ಯದ ವಸತಿ ಇಲಾಖೆಯಿಂದ ಉಚಿತವಾಗಿ ತರಿಸಿಕೊಳ್ಳಬಹುದು.

ಚಳಿಯ ವಿಷಯವನ್ನು ನಮ್ಮ ಊರಿನವರಿಗೆ ಬಿಡಿಸಿಯೇ ಹೇಳಬೇಕು. ಅಕ್ಟೋಬರ್ 1ರಿಂದ ಮೇ 31ರ ತನಕ ಮನೆಯನ್ನು ಬೆಚ್ಚಗಿಡುವುದು ಮಾಲೀಕರ ಹೊಣೆ: ಹೊರಗಿನ ತಾಪಮಾನ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಹಗಲಲ್ಲಿ ಒಳಗೆ ಕನಿಷ್ಠ 20 ಡಿಗ್ರಿ, ರಾತ್ರಿ ಹೊರಗೆ ಎಷ್ಟಿದ್ದರೂ ಒಳಗೆ ಸುಮಾರು 17 ಡಿಗ್ರಿ ಇರಬೇಕು. ಹಳೆಯ ಕಟ್ಟಡಗಳಲ್ಲಿ ನೆಲಮಾಳಿಗೆಯ ಬಾಯ್ಲರಿನ ಹಬೆ ಕೊಳವೆಗಳಲ್ಲಿ ಏರಿ, ಕಿಟಕಿಯ ಕೆಳಗಿದ್ದು ಕೋಣೆಯನ್ನು ಬೆಚ್ಚಗಿಡುವ ಎರಕದ ಕಬ್ಬಿಣದ ರೇಡಿಯೇಟರನ್ನು ಕಾಯಿಸುತ್ತದೆ. ಅದಕ್ಕೆ ಒಂದೇ ಕೊಳವೆಯಿದ್ದರೆ ಬುಡದ ತಿರುಗಣೆಯನ್ನು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದಿಟ್ಟರೆ ತಣಿದ ನೀರು ಕೆಳಗಿಳಿಯಲಾರದೆ ನಿಂತು, ಮೇಲೇರುವ ಹಬೆ ಅದಕ್ಕೆ ಬಡಿದು, ನಡುರಾತ್ರಿಯಲ್ಲಿ ಸುತ್ತಿಗೆಯಿಂದ ಹೊಡೆದಂತೆ ಸದ್ದಾಗುತ್ತದೆ. ಮೊದಲ ಬಾರಿ ಕೇಳಿದವರು ಗಾಬರಿಯಾಗುವುದುಂಟು.

ಮನೆ ನೋಡಲು ಹಗಲಿನಲ್ಲೇ ಹೋಗಲಿ. ನಲ್ಲಿ ತಿರುಗಿಸಿ ಬಿಸಿನೀರು ಬರುತ್ತದೆಯೇ, ಕಿಟಕಿ ಸಲೀಸಾಗಿ ತೆರೆಯುತ್ತದೆಯೇ ಎಂದು ಪರೀಕ್ಷಿಸಲಿ. ಒಗ್ಗರಣೆಯ ಹೊಗೆ ಹೊರಹೋಗಲು ದಾರಿಯಿಲ್ಲದ ಅಡುಗೆಮೂಲೆ ದಿನವೂ ಕಷ್ಟ ಕೊಡುತ್ತದೆ. ಬೆಂಕಿ ಅವಘಡದಲ್ಲಿ ಇಳಿಯಲೆಂದು ಹೊರಗೋಡೆಗೆ ಕಬ್ಬಿಣದ ಮೆಟ್ಟಿಲು ಇದ್ದರೆ, ಅದರ ಕಡೆಗಿನ ಕಿಟಕಿಯ ಜಾಲರಿ ಒಳಗಿನಿಂದ ಕೀಲಿಕೈಯಿಲ್ಲದೆ ತೆರೆಯುವಂತಿರಲೇಬೇಕು. ಬೀಗ ಹಾಕಿದ್ದರೆ ಆ ಮನೆ ಬೇಡ. ಅಂದಹಾಗೆ, ಇಲ್ಲಿಂದ ಮಿಕ್ಸಿ ಕಟ್ಟಿಕೊಡಬೇಡಿ, ಅಲ್ಲಿನ ವಿದ್ಯುತ್ 120 ವೋಲ್ಟ್.

ಇನ್ನು, ವಾರ್ಷಿಕ ಆದಾಯ ತಿಂಗಳ ಬಾಡಿಗೆಯ 40 ಪಟ್ಟು ಇರಬೇಕೆಂದು ಅಲ್ಲಿನ ಹೆಚ್ಚಿನ ಮಾಲೀಕರು ಬಯಸುತ್ತಾರೆ. ಕಡಿಮೆಯಿದ್ದರೆ ಜಾಮೀನುದಾರರನ್ನು ಕೇಳುತ್ತಾರೆ, ಮತ್ತು ಸಾಮಾನ್ಯವಾಗಿ ಅಮೆರಿಕದಲ್ಲಿ ಆದಾಯವಿರುವವರನ್ನೇ ಒಪ್ಪುತ್ತಾರೆ. ಹೊಸದಾಗಿ ಹೋಗುವವರಿಗೆ ಅಲ್ಲಿನ ಸಾಲದ ಇತಿಹಾಸವೂ ಇರುವುದಿಲ್ಲವಾದ್ದರಿಂದ, ಸಂಬಳವನ್ನು ನಮೂದಿಸಿದ ನೇಮಕಾತಿ ಪತ್ರವನ್ನು ಆಕೆ ಜೊತೆಗಿಟ್ಟುಕೊಳ್ಳಲಿ. ಮೊದಲ ಕೆಲವು ವಾರ ಪರಿಚಯದವರ ಮನೆಯಲ್ಲೋ ಕಚೇರಿಯವರು ಒದಗಿಸುವ ತಾತ್ಕಾಲಿಕ ವಸತಿಯಲ್ಲೋ ಉಳಿದು, ಮೆಚ್ಚಿದ ಕೋಣೆಯನ್ನು ಸ್ವತಃ ನೋಡಿ, ಆಮೇಲೆ ಸಹಿ ಹಾಕುವುದಕ್ಕೆ ನೀವು ಧೈರ್ಯವಾಗಿ ಒಪ್ಪಬಹುದು.