ಕೆಲಸದಲ್ಲಿದ್ದವರಿಗೂ ಆಟಿಸಂ ಇರುತ್ತೆ

32 ವರ್ಷದ ತಮ್ಮ ಬ್ಯಾಂಕ್ ಕೆಲಸದಲ್ಲಿದ್ದಾನೆ, ಚೆನ್ನಾಗೇ ಮಾತಾಡ್ತಾನೆ, ಅವನಿಗೆ ಆಟಿಸಂ ಹೇಗೆ ಇರುತ್ತೆ ಅಂತ ಮಂಡ್ಯದಿಂದ ಕೇಳಿದ್ದೀರಿ. ಖಂಡಿತ ಇರಬಹುದು. ಆಟಿಸಂ ಅಂದ್ರೆ ಮಿದುಳು ಚಿಕ್ಕಂದಿನಿಂದಲೇ ಬೇರೆ ರೀತಿ ಬೆಳೆಯೋದು; ಅದು ಮಕ್ಕಳಲ್ಲಿ ಮಾತ್ರ ಇರೋದಲ್ಲ, ಬೆಳೆದ ಮೇಲೆ ಹೋಗೋದೂ ಇಲ್ಲ. ಆಟಿಸಂ ಇದ್ದೂ ಓದು, ಮಾತು ಚೆನ್ನಾಗಿರೋ ಹಲವರು ಎದುರಿನವರನ್ನ ನೋಡಿ, ಅವರಂತೆ ನಡ್ಕೊಂಡು ನಿಭಾಯಿಸ್ತಾರೆ; ಸಂಜೆ ಹೊತ್ತಿಗೆ ಸೋತುಹೋಗಿರ್ತಾರೆ. ಛತ್ರದಲ್ಲಿ ಗಟ್ಟಿಮೇಳ ಶುರುವಾದರೆ ಕಿವಿ ಮುಚ್ಕೊಂಡು ಹೊರಗೆ ಹೋಗ್ತಾನೆ ಅಂದ್ರಲ್ಲ, ಅದು ಜಂಬ ಅಲ್ಲ. ಆ ಸದ್ದು ಅವನಿಗೆ ತಡೆಯೋಕೆ ಆಗ್ತಿರಲ್ಲ. ದಯವಿಟ್ಟು ಬೈದು ಒಳಗೆ ಕೂರಿಸಬೇಡಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಫೋನ್ ಮಾಡಿ, ವಯಸ್ಕರ ಪರೀಕ್ಷೆ ಬಗ್ಗೆ ಮೊದಲೇ ವಿಚಾರಿಸಿ. ರಕ್ತಪರೀಕ್ಷೆ, ಸ್ಕ್ಯಾನ್‌ನಲ್ಲಿ ಇದು ಗೊತ್ತಾಗಲ್ಲ, ಬಾಲ್ಯದ ವಿವರ ಬೇಕು. ಅಮ್ಮನನ್ನ ಜೊತೆಗೆ ಕರ್ಕೊಂಡು ಹೋಗಿ. ನಾಲ್ಕೈದು ವರ್ಷದವನಿದ್ದಾಗ ಹೇಗೆ ಆಡ್ತಿದ್ದ, ಯಾವ ಊಟ ಮುಟ್ತಿರಲಿಲ್ಲ ಅಂತ ಬರೆದಿಟ್ಕೊಳ್ಳಿ. ಅದಿಲ್ಲದಿದ್ದರೆ ಬರೀ ಆತಂಕ ಅಂದ್ಕೊಂಡು ಮಾತ್ರೆ ಬರೆದುಕೊಡೋದುಂಟು.